ಹೈಟಿಯ ಹಸಿ ಮಸಾಲೆ: ಮನೆಯಲ್ಲೇ ಅರೆಯಿರಿ, ಜಾಗ್ರತೆಯಿಂದ ಇಡಿ

ರುಚಿಗೆಂದು ಪಾತ್ರೆಗೆ ಹಾಕುವ ಮಸಾಲೆಯಲ್ಲಿ ಬರಿಯ ಉಪ್ಪಿನ ಪಾಲು ಎಷ್ಟೆಂದು ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ? ಮನೆಯಲ್ಲಿ ಅರೆದ ಮಸಾಲೆಯಾದರೆ ಲೆಕ್ಕ ಸುಲಭ, ಏಕೆಂದರೆ ಉಪ್ಪು ಹಾಕಿದವರು ನೀವೇ. ಅಂಗಡಿಯಿಂದ ತಂದ ಪೊಟ್ಟಣದ ವಿಷಯ ಹಾಗಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು ದೂರದ ಹೈಟಿ ದೇಶದ ಒಂದು ಮಸಾಲೆಯನ್ನು ನೋಡೋಣ.

ಹೈಟಿ ಕೆರಿಬಿಯನ್ ಸಮುದ್ರದ ಪುಟ್ಟ ದೇಶ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಖಾರದ ಅಡುಗೆಗೂ ಮೊದಲು ಬೇಕಾಗುವುದು 'ಎಪಿಸ್' ಎಂಬ ಹಸಿರು ಮಸಾಲೆ. ಪಾರ್ಸ್ಲಿ ಸೊಪ್ಪು, ಎಳೆ ಈರುಳ್ಳಿ ಗಿಡ, ಬೆಳ್ಳುಳ್ಳಿ, ದೊಣ್ಣೆ ಮೆಣಸು, ಥೈಮ್ ಎಲೆ, ಲವಂಗ, 'ಪಿಮಾನ್ ಬೂಕ್' ಎಂಬ ತೀರಾ ಖಾರದ ಮೆಣಸು, ಜೊತೆಗೆ ನಿಂಬೆ ಅಥವಾ ಹುಳಿ ಕಿತ್ತಳೆಯ ರಸ ಮತ್ತು ಸ್ವಲ್ಪ ಎಣ್ಣೆ. ಇವನ್ನು ಬೇಯಿಸದೆ ಹಸಿಯಾಗಿಯೇ ಜಜ್ಜುತ್ತಾರೆ. ಜಜ್ಜಲು ಬಳಸುವ ಮರದ ಒರಳಿಗೆ 'ಪಿಲೋನ್' ಎಂದು ಹೆಸರು. ಈಗ ಮಿಕ್ಸಿಯೂ ಬಂದಿದೆ. ಕೋಳಿ, ಆಡಿನ ಮಾಂಸ, ಮೀನು, ಬೀನ್ಸ್, ಅನ್ನ, ತರಕಾರಿ ಪಲ್ಯ ಎಲ್ಲಕ್ಕೂ ಇದೇ ತಳಹದಿ. 1804ರ ಜನವರಿ 1ರಂದು ಹೈಟಿ ಫ್ರೆಂಚರ ಆಳ್ವಿಕೆಯಿಂದ ಸ್ವತಂತ್ರವಾಯಿತು. ಅದರ ನೆನಪಿಗೆ ಪ್ರತಿ ಹೊಸ ವರ್ಷದಂದು ಕುಡಿಯುವ ಕುಂಬಳಕಾಯಿಯ 'ಸೂಪ್ ಜೂಮೂ'ವಿನ ಮಾಂಸವನ್ನು ನೆನೆಸುವುದೂ ಎಪಿಸ್‌ನಲ್ಲೇ. ಆ ಸೂಪನ್ನು ಯುನೆಸ್ಕೊ 2021ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೈಟಿಯ ಕೆಲವು ಪ್ರಸಿದ್ಧ ಖಾದ್ಯಗಳು ಹಂದಿಮಾಂಸದವು ಎಂಬುದು ನಿಜ. ಆದರೆ ಎಪಿಸ್ ಪೂರ್ತಿಯಾಗಿ ಸೊಪ್ಪು ತರಕಾರಿಯದು. ಅದನ್ನು ನಮ್ಮ ಅಡುಗೆಮನೆಗೆ ತರಲು ಯಾವ ಅಡ್ಡಿಯೂ ಇಲ್ಲ.

ಇಂದು ಹೈಟಿಯ ಸಂತೆಗಳಲ್ಲಿ, ಅಡುಗೆಮನೆಗಳಲ್ಲಿ ಎಪಿಸ್ ಜೊತೆ ಮತ್ತೊಂದು ವಸ್ತುವೂ ಕುಳಿತಿದೆ. ಅದು ಕಾಗದದಲ್ಲಿ ಸುತ್ತಿದ ಸೂಪ್ ಕ್ಯೂಬ್. ಎಷ್ಟೋ ಮನೆಗಳಲ್ಲಿ ಎಪಿಸ್ ಅರೆಯುವಾಗಲೇ ಒಂದೆರಡು ಕ್ಯೂಬ್ ಪುಡಿ ಮಾಡಿ ಬೆರೆಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಈ ಕ್ಯೂಬ್‌ಗಳ ತೂಕದಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಉಪ್ಪೇ ಇರುತ್ತದೆ. ಹತ್ತು ಗ್ರಾಮಿನ ಕ್ಯೂಬ್ ಎಂದರೆ ಐದು ಗ್ರಾಂ ಉಪ್ಪು. ವಯಸ್ಕರೊಬ್ಬರು ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐವರಿಗೆ ಮಾಡಿದ ಸಾರಿಗೆ ಎರಡು ಕ್ಯೂಬ್ ಹಾಕಿದರೆ ಪ್ರತಿಯೊಬ್ಬರಿಗೂ ಎರಡು ಗ್ರಾಂ ಉಪ್ಪು ಅದರಿಂದಲೇ ಸಿಕ್ಕಿತು. ಮೇಲೆ ಕೈಯಾರೆ ಹಾಕುವ ಉಪ್ಪು ಬೇರೆ. ಅಧಿಕ ರಕ್ತದೊತ್ತಡವು ಹೈಟಿಯ ದೊಡ್ಡ ಆರೋಗ್ಯ ಸಮಸ್ಯೆಗಳಲ್ಲೊಂದು. ಅದಕ್ಕೆ ಕಾರಣಗಳು ಹಲವು, ಉಪ್ಪೊಂದೇ ಅಲ್ಲ. ಆದರೆ ನಮ್ಮ ಕೈಯಲ್ಲಿರುವ ಕಾರಣ ಉಪ್ಪು.

ಕ್ಯೂಬ್ ಎಂದರೆ ವಿಷ ಎಂದು ಹೆದರಿಸುವ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ನಾನು ಹಾಗೆ ಹೇಳುವುದಿಲ್ಲ. ಮಾಂಸ ಕೊಳ್ಳಲು ಹಣವಿಲ್ಲದ ಮನೆಯಲ್ಲಿ ಅದು ಕಡಿಮೆ ಬೆಲೆಗೆ ಮಾಂಸದ ರುಚಿ ಕೊಡುತ್ತದೆ. ಬಡವರು ಅದನ್ನು ಕೊಂಡರೆಂದು ದೂರುವುದು ನ್ಯಾಯವಲ್ಲ. ನನ್ನ ಮಾತು ಇಷ್ಟೇ: ಬೆಳ್ಳುಳ್ಳಿ, ಸೊಪ್ಪು, ಹುಳಿ, ಖಾರ ಎಲ್ಲ ಸೇರಿದ ಮಸಾಲೆಗೆ ರುಚಿಯ ಕೊರತೆಯೇ ಇಲ್ಲ. ಅದಕ್ಕೆ ಕ್ಯೂಬ್ ಬೆರೆಸುವುದು ಅನಗತ್ಯ. ಅಷ್ಟೂ ಬೇಕೆನಿಸಿದರೆ ಪೊಟ್ಟಣದ ಮೇಲಿನ ಬರಹ ಓದಿ. ಸೋಡಿಯಂ ಎಷ್ಟಿದೆ, ಮಾಂಸದ ಅಂಶವಿದ್ದರೆ ಹಲಾಲ್ ಗುರುತಿದೆಯೇ ಎಂದು ಎರಡನ್ನೂ ನೋಡಿ.

ಮಾಡುವ ಬಗೆ ಹೀಗೆ. ಪಾರ್ಸ್ಲಿ ಒಂದು ದೊಡ್ಡ ಕಟ್ಟು, ಎಳೆ ಈರುಳ್ಳಿ ಗಿಡ ಆರು, ಬೆಳ್ಳುಳ್ಳಿ ಹತ್ತು ಎಸಳು, ಹಸಿರು ದೊಣ್ಣೆ ಮೆಣಸು ಒಂದು, ಥೈಮ್ ಆರು ಕಡ್ಡಿ, ಲವಂಗ ಮೂರು, ಖಾರಕ್ಕೆ ತಕ್ಕಷ್ಟು ಹಸಿಮೆಣಸು, ಎರಡು ನಿಂಬೆಹಣ್ಣಿನ ರಸ, ಕಾಲು ಕಪ್ ಎಣ್ಣೆ, ಅರ್ಧ ಚಮಚ ಉಪ್ಪು. ಬೆಳ್ಳುಳ್ಳಿ ಮತ್ತು ಲವಂಗವನ್ನು ಮೊದಲು ಜಜ್ಜಿ, ಥೈಮ್‌ನ ಎಲೆಗಳನ್ನು ಮಾತ್ರ ಬಿಡಿಸಿಕೊಂಡು, ಉಳಿದುದನ್ನು ಹೆಚ್ಚಿ ಒಟ್ಟಿಗೆ ತರಿತರಿಯಾಗಿ ಅರೆಯಿರಿ. ನೀರು ಹಾಕಬೇಡಿ. ಸುಮಾರು ಒಂದೂವರೆ ಕಪ್ ಮಸಾಲೆ ಸಿಗುತ್ತದೆ. ಒಂದು ಕಿಲೋ ಕೋಳಿಗೆ ಮೂರು ದೊಡ್ಡ ಚಮಚ ಸಾಕು. ಅಷ್ಟರಲ್ಲಿರುವ ಉಪ್ಪು ಅರ್ಧ ಗ್ರಾಮಿಗಿಂತಲೂ ಕಡಿಮೆ. ಮುಂದೆ ಎಷ್ಟು ಉಪ್ಪು ಬೇಕೆಂಬುದು ನಿಮ್ಮ ತೀರ್ಮಾನ.

ಬೇಯಿಸದೆ ಅರೆಯುವ ಮಸಾಲೆಯಾದ್ದರಿಂದ ಶುಚಿತ್ವ ಮುಖ್ಯ. ಸೊಪ್ಪನ್ನು ಬುಡ ಕತ್ತರಿಸಿ, ಒಂದೊಂದಾಗಿ ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಮಣ್ಣು ಹೋಗುವ ತನಕ ತೊಳೆಯಿರಿ. ನಂತರ ಶುಭ್ರ ಬಟ್ಟೆಯ ಮೇಲೆ ಹರಡಿ ಆರಲು ಬಿಡಿ. ಹಸಿ ಮಾಂಸ ಕತ್ತರಿಸಿದ ಮಣೆ, ಚಾಕು ಇದಕ್ಕೆ ಬೇಡ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿರಿ.

ಈಗ ತೀರಾ ಮುಖ್ಯವಾದ ಮಾತು. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವುದು. ಅದರ ಮೇಲೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಗಾಳಿಯಾಡುವಲ್ಲಿ ಅವು ಸುಮ್ಮನಿರುತ್ತವೆ. ಎಣ್ಣೆಯೊಳಗೆ, ಗಾಳಿ ಸೋಕದೆ, ಕೋಣೆಯ ಬಿಸಿಯಲ್ಲಿ ಇಟ್ಟರೆ ಬೆಳೆದು ವಿಷ ಉತ್ಪಾದಿಸುತ್ತವೆ. ಬಾಟುಲಿಸಂ ಎಂಬ ಆ ಕಾಯಿಲೆಯಲ್ಲಿ ಕಣ್ಣು ಮಂಜಾಗುತ್ತದೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟವೇ ನಿಲ್ಲಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಹೋಟೆಲೊಂದರಲ್ಲಿ ಫ್ರಿಜ್ಜಿನ ಹೊರಗಿಟ್ಟಿದ್ದ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಯಿಂದ 36 ಮಂದಿ ಈ ಕಾಯಿಲೆಗೆ ತುತ್ತಾದರು. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆ ಇರಬೇಕೆಂದೂ ಇಲ್ಲ. ಆದ್ದರಿಂದ "ಮೂಸಿ ನೋಡಿದೆ, ಚೆನ್ನಾಗಿಯೇ ಇದೆ" ಎಂಬ ಮಾತನ್ನು ನಂಬಬೇಡಿ. ರುಚಿ ನೋಡಿ ಪರೀಕ್ಷಿಸುವುದಂತೂ ಬೇಡವೇ ಬೇಡ.

ನಿಂಬೆರಸದ ಹುಳಿ ಈ ಬ್ಯಾಕ್ಟೀರಿಯಾವನ್ನು ತಡೆಯಬಲ್ಲದು ನಿಜ. ಆದರೆ ಮನೆಯ ಅಳತೆಯಲ್ಲಿ ಹುಳಿ ಸಾಕಷ್ಟಿದೆಯೇ ಎಂದು ಹೇಳಲಾಗದು. ಅರ್ಧ ಚಮಚ ಉಪ್ಪಿನಿಂದ ಮಸಾಲೆ ಕೆಡದೆ ಉಳಿಯುವುದೂ ಇಲ್ಲ. ಹಾಗಾಗಿ ಅರೆದ ಕೂಡಲೇ ಫ್ರಿಜ್ಜಿಗೆ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತಂಪಿನಲ್ಲಿ ಇಡಿ. ನಾಲ್ಕು ದಿನದೊಳಗೆ ಮುಗಿಸಿ. ಹೆಚ್ಚು ಮಾಡಿದ್ದರೆ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಬೇಕಾದಾಗ ಒಂದೆರಡು ತುಂಡು ನೇರ ಬಾಣಲೆಗೆ ಹಾಕಿ. ದಿನದಲ್ಲಿ ಹಲವು ಗಂಟೆ ಕರೆಂಟ್ ಹೋಗುವ ಊರಾದರೆ ಅಂದಂದಿಗೆ ಬೇಕಾದಷ್ಟೇ ಅರೆಯಿರಿ. ನಮ್ಮ ಮನೆಗಳಲ್ಲಿ ಎಣ್ಣೆ ಸುರಿದು ವಾರಗಟ್ಟಲೆ ಇಡುವ ಶುಂಠಿ-ಬೆಳ್ಳುಳ್ಳಿ ಪೇಸ್ಟಿಗೂ ಇದೇ ನಿಯಮ ಎಂಬುದನ್ನು ಮರೆಯಬೇಡಿ.

ಹೈಟಿಯಲ್ಲಿ ಮಾಂಸವನ್ನು ನಿಂಬೆ ಅಥವಾ ಹುಳಿ ಕಿತ್ತಳೆಯಿಂದ ಉಜ್ಜಿ ತೊಳೆದ ಮೇಲೆಯೇ ಎಪಿಸ್ ಸವರುತ್ತಾರೆ. ಇದರಿಂದ ಹಸಿ ವಾಸನೆ ಹೋಗುತ್ತದೆ, ರೋಗಾಣು ಹೋಗುವುದಿಲ್ಲ. ರೋಗಾಣು ಸಾಯುವುದು ಚೆನ್ನಾಗಿ ಬೆಂದಾಗ ಮಾತ್ರ. ನಲ್ಲಿಯನ್ನು ಜೋರಾಗಿ ಬಿಟ್ಟು ಕೋಳಿ ತೊಳೆದರೆ ಹನಿಗಳು ಸಿಡಿದು ಪಕ್ಕದ ತಟ್ಟೆ, ತರಕಾರಿಗೂ ಸೋಂಕು ಹರಡುತ್ತದೆ. ತೊಳೆಯುವುದಾದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಸಿಂಕನ್ನೂ ಕೈಯನ್ನೂ ಸೋಪಿನಿಂದ ಉಜ್ಜಿರಿ. ಮಸಾಲೆ ಸವರಿದ ಮಾಂಸವನ್ನು ಫ್ರಿಜ್ಜಿನೊಳಗೇ ನೆನೆಯಲು ಬಿಡಿ. ಮಾಂಸ ಮುಟ್ಟಿದ ಚಮಚ ಮತ್ತೆ ಬಾಟಲಿಗೆ ಹೋಗಬಾರದು.

"ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ?" ಎಂದು ನೀವು ಕೇಳಬಹುದು. ಸೊಪ್ಪು ಬಿಡಿಸಿ ತೊಳೆಯುವುದೇ ದೊಡ್ಡ ಕೆಲಸ, ಅರೆಯಲು ಐದು ನಿಮಿಷ ಸಾಕು. ಬಿಡಿಸುವ ಕೆಲಸಕ್ಕೆ ಮನೆಯ ಗಂಡಸರನ್ನೂ ಮಕ್ಕಳನ್ನೂ ಕೂರಿಸಿ. ಊಟ ಎಲ್ಲರದಾದ ಮೇಲೆ ಕೆಲಸವೂ ಎಲ್ಲರದು. ಮನೆಯಲ್ಲಿ ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರಿದ್ದರೆ ಈ ವಾರದಿಂದಲೇ ಆರಂಭಿಸಿ. ಸಾರಿಗೆ ಹಾಕುವ ಕ್ಯೂಬ್ ಎರಡಿದ್ದರೆ ಒಂದಕ್ಕೆ ಇಳಿಸಿ, ಆ ಜಾಗಕ್ಕೆ ಒಂದು ಚಮಚ ಹಸಿರು ಮಸಾಲೆ ಹೆಚ್ಚಿಸಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಉಳಿದ ಒಂದನ್ನೂ ಬಿಟ್ಟು ನೋಡಿ.