ತಿರುಗಾಟದ ಹುಲಿಗಳು

ನವರಾತ್ರಿ ಸಮೀಪಿಸುತ್ತಿದ್ದಂತೆ ಮುಂಬಯಿಯ ನಮ್ಮ ತರುಣರಲ್ಲಿ ಕೆಲವರು ಮಂಗಳೂರಿಗೆ ಹೋಗಿ ಹುಲಿವೇಷ ಹಾಕುವ ಉತ್ಸಾಹ ತೋರುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ವೇಷವೆಂದರೆ ಸ್ಪರ್ಧೆಯ ವೇದಿಕೆಯಲ್ಲಿ ಹತ್ತು ನಿಮಿಷ ಕುಣಿದು ಇಳಿಯುವುದೆಂದು ಅವರು ಭಾವಿಸಬಾರದು.

ಹುಲಿ ಮೂಲತಃ ಬೀದಿಯದು. ಹರಕೆ ಹೊತ್ತವನು ಮೊದಲು ತಂಡದೊಡನೆ ಊದು ಪೂಜೆಯಲ್ಲಿ ನಿಲ್ಲುತ್ತಾನೆ. ಬಳಿದ ಬಣ್ಣ ಆರುವ ತನಕ, ಅಡ್ಡಗೋಲಿನ ಮೇಲೆ ತೋಳು ಚಾಚಿ, ಕೂರಲೂ ಆಗದೆ ಗಂಟೆಗಟ್ಟಲೆ ನಿಂತೇ ಇರುತ್ತಾನೆ. ಎಣ್ಣೆಬಣ್ಣದ ಕಾಲದಲ್ಲಿ ಮೈಯ ಉರಿಯನ್ನು ಸಹಿಸಿ, ಕೊನೆಗೆ ಸೀಮೆಎಣ್ಣೆಯಿಂದ ಉಜ್ಜಿ ತೆಗೆಯಬೇಕಾಗುತ್ತಿತ್ತು. (ಆ ಕಷ್ಟ ಕಡಿಮೆಯಾದುದಕ್ಕೆ ನಮಗೇನೂ ವ್ಯಥೆಯಿಲ್ಲ.) ಬಳಿಕ ತಾಸೆ-ಡೋಲಿನೊಡನೆ ಮನೆಮನೆಗೆ, ಅಂಗಡಿ ಅಂಗಡಿಗೆ ತಿರುಗಾಟ. ನಡೆಯಲಾರದ ಅಜ್ಜಿಯ ಅಂಗಳಕ್ಕೆ ಹುಲಿಯೇ ಬರುತ್ತದೆ. ವೇದಿಕೆಯ ಹುಲಿಯನ್ನು ನೋಡಲು ಅಜ್ಜಿಯೇ ಹೋಗಬೇಕು.

ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆಸೆಯುವ ಬಲಶಾಲಿಗಳಿಗೆ ಬಹುಮಾನ ಸಲ್ಲಲಿ. ಸ್ಪರ್ಧೆಗಳಿಂದ ಜನರ ಆಸಕ್ತಿ ಬೆಳೆದದ್ದೂ ನಿಜ. ಆದರೆ ದೂರದಲ್ಲಿರುವ ನಮ್ಮ ದೇಣಿಗೆಯೆಲ್ಲ ದೀಪಾಲಂಕಾರಕ್ಕೆ, ಧ್ವನಿವರ್ಧಕಕ್ಕೆ ಹೋದರೆ ತಾಸೆಯವರಿಗೂ ಬಣ್ಣಗಾರರಿಗೂ ಉಳಿಯುವುದೇನು? ಊರಿಗೆ ಹೋಗುವವರು ಮನೆಮನೆಗೆ ನಡೆಯುವ ತಂಡವೊಂದನ್ನು ಸೇರಲಿ, ನಮ್ಮ ಹಣವೂ ಅತ್ತಲೇ ಹೋಗಲಿ. ರಜೆ ಒಂದೇ ದಿನವಿದ್ದರೆ ವೇಷ ಬೇಡ. ಹುಲಿಗಳಿಗೆ ನೀರು ಕೊಡುತ್ತ, ಕಾಣಿಕೆಯ ಲೆಕ್ಕ ನೋಡುತ್ತ ಜೊತೆಗೆ ನಡೆಯಲಿ. ಬಿಸಿಲಿನಲ್ಲಿ ತಿರುಗುವ ತಂಡಕ್ಕೆ ಅಂಥವರೂ ಬೇಕಾಗುತ್ತಾರೆ.