ಹೀಟರ್ ಆಮೇಲೆ, ಗೋಡೆ ಮೊದಲು

ಜನವರಿಯಲ್ಲಿ ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಮಗಳ ಮನೆಯಲ್ಲಿದ್ದೆ. ಇಪ್ಪತ್ತೈದು ಮಹಡಿಯ ಕಟ್ಟಡ, ಮೂರನೇ ಮಹಡಿಯಲ್ಲಿ ಮನೆ, ಹಾಲಿನ ಒಂದು ಬದಿ ನೆಲದಿಂದ ಚಾವಣಿಯವರೆಗೆ ಬರೀ ಗಾಜು. ಹೊರಗೆ ಮೈನಸ್ 15 ಡಿಗ್ರಿ, ಒಳಗೆ 21. ಬೆಳಿಗ್ಗೆ ಪರದೆ ಸರಿಸಿದರೆ ಗಾಜಿನ ಬುಡದಲ್ಲಿ ನೀರು ನಿಂತಿರುತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟಿನ ಮೂಲೆಯಲ್ಲಿ ಅದೇ ನೀರು ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತಿತ್ತು. ಮಗಳು ಹಳೇ ಟವೆಲ್ ಸುರುಳಿ ಸುತ್ತಿ ಅಲ್ಲಿಡುವುದು, ಸಂಜೆ ಹಿಂಡುವುದು, ಮತ್ತೆ ಇಡುವುದು. ಬಾಲ್ಕನಿ ಬಾಗಿಲ ಹತ್ತಿರದ ಎರಡಡಿ ನೆಲದ ಮೇಲೆ ಕಾಲುಚೀಲ ಹಾಕಿಕೊಂಡರೂ ನಿಲ್ಲಲಾಗುತ್ತಿರಲಿಲ್ಲ. ಕಟ್ಟಡಕ್ಕೆ ಹತ್ತು ವರ್ಷವೂ ಆಗಿಲ್ಲ.

ಒಂದು ಸಂಜೆ ದೇವರಿಗೆ ಹಚ್ಚಿದ ಊದಿನಕಡ್ಡಿಯನ್ನು ಹೊರಗೋಡೆಯಲ್ಲಿದ್ದ ಪ್ಲಗ್ ಪಾಯಿಂಟಿನ ಹತ್ತಿರ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ತಟ್ಟನೆ ಕೋಣೆಯೊಳಕ್ಕೆ ಬಾಗಿತು. ಮುಂಬಾಗಿಲಿನ ಕೆಳಗೆ ಹಿಡಿದರೆ ಹೊಗೆ ಸಂದಿಯಲ್ಲಿ ನುಸುಳಿ ಕಾರಿಡಾರಿಗೆ ಹೋಯಿತು. ಹೊರಗಿನ ತಣ್ಣನೆ ಗಾಳಿ ಗೋಡೆಯಿಂದ ಬಂದು, ಮನೆಯ ಬಿಸಿಯನ್ನು ಹೊತ್ತುಕೊಂಡು ಬಾಗಿಲಿಂದ ಆಚೆ ಹೋಗುತ್ತಿತ್ತು. ಹೀಟರ್ ಮಾತ್ರ ಹಗಲೂ ರಾತ್ರಿ ಓಡುತ್ತಲೇ ಇತ್ತು.

ಕೆನಡಾದ ಮನೆಗಳು ಬಳಸುವ ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೋಗುವುದು ಒಳಗನ್ನು ಬೆಚ್ಚಗಿಡುವುದಕ್ಕೆ. ಅದನ್ನು ಉಳಿಸುವ ಮಾತು ಬಂದಾಗಲೆಲ್ಲ ಒಳ್ಳೆಯ ಹೀಟರ್, ತಾರಸಿಯ ಮೇಲೆ ಸೋಲಾರ್, ಮೊಬೈಲಿನಲ್ಲಿ ನಡೆಸುವ ಥರ್ಮೋಸ್ಟಾಟ್, ಹೀಗೆ ಯಂತ್ರಗಳೇ ಮುಂದೆ ಬರುತ್ತವೆ. ಇವೆಲ್ಲ ಬೇಕಾದವೇ. ಆದರೆ ತೂತಿನ ಕೊಡಕ್ಕೆ ಎಷ್ಟು ಒಳ್ಳೆಯ ನಲ್ಲಿ ಹಾಕಿದರೇನು? ಹೊಸ ಅಪಾರ್ಟ್‌ಮೆಂಟು ಮುಂದಿನ ಐವತ್ತು ವರ್ಷ ಎಷ್ಟು ಶಕ್ತಿ ತಿನ್ನುತ್ತದೆ ಎನ್ನುವುದು ಅದರ ಹೊರಮೈಯಲ್ಲಿ, ಅಂದರೆ ಗೋಡೆ, ಗಾಜು, ಬಾಲ್ಕನಿ ಮತ್ತು ಸಂದಿಗಳಲ್ಲಿ ತೀರ್ಮಾನವಾಗುತ್ತದೆ. ಅದೂ ನಕ್ಷೆ ಬರೆಯುವಾಗಲೇ. ಹೀಟರನ್ನು ಹದಿನೈದು ವರ್ಷಕ್ಕೊಮ್ಮೆ ಬದಲಿಸಬಹುದು. ಇಪ್ಪತ್ತೈದು ಮಹಡಿಯ ಹೊರಮೈಯನ್ನು, ಒಳಗೆ ಸಂಸಾರಗಳಿರುವಾಗ, ಬದಲಿಸುವುದು ಬಹಳ ದೊಡ್ಡ ಕೆಲಸ.

ಹಾಗೆ ನೋಡಿದರೆ ಅಪಾರ್ಟ್‌ಮೆಂಟು ಹುಟ್ಟುತ್ತಲೇ ಬೆಚ್ಚಗಿರಬೇಕಾದ ಕಟ್ಟಡ. ಬಿಡಿಮನೆಗೆ ನಾಲ್ಕೂ ಕಡೆ ಚಳಿ, ಮೇಲೆ ಸೂರಿನಿಂದಲೂ ಚಳಿ. ಕಟ್ಟಡದ ಮಧ್ಯದ ಫ್ಲ್ಯಾಟಿಗೆ ಅಕ್ಕಪಕ್ಕ ಮೇಲೆ ಕೆಳಗೆ ಎಲ್ಲ ಕಾದ ಮನೆಗಳೇ. ಚಳಿಗೆ ಒತ್ತಿಕೊಂಡು ಕೂತ ಮಕ್ಕಳ ಹಾಗೆ ಅವು ಒಂದರ ಬಿಸಿಯಲ್ಲಿ ಇನ್ನೊಂದು ಇರುತ್ತವೆ. ಚಳಿಗೆ ಒಡ್ಡಿಕೊಳ್ಳುವುದು ಒಂದೇ ಗೋಡೆ, ಮೂಲೆಮನೆಯಾದರೆ ಎರಡು. ಆ ಒಂದು ಗೋಡೆಯನ್ನು ಗಾಜಿನಲ್ಲಿ ಕಟ್ಟಿದ್ದರಿಂದಲೇ ಈ ಅನುಕೂಲ ಕೈತಪ್ಪಿತು.

ಇದನ್ನು ಸಣ್ಣ ಲೆಕ್ಕದಲ್ಲಿ ನೋಡೋಣ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಮೈಯಿಂದ ಎಷ್ಟು ವ್ಯಾಟ್ ಶಾಖ ಸೋರುತ್ತದೆ ಎನ್ನುವುದಕ್ಕೆ ಯು-ಮೌಲ್ಯ ಎನ್ನುತ್ತಾರೆ. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. ಒಳ್ಳೆಯ ಇನ್ಸುಲೇಷನ್ ಇರುವ ಗೋಡೆಗೆ 0.2 ಎಂದಿಟ್ಟುಕೊಳ್ಳಿ, ಅಲ್ಯೂಮಿನಿಯಂ ಚೌಕಟ್ಟಿನ ಎರಡು ಪದರದ ಗಾಜಿಗೆ 2. ಗಾಜು ಗೋಡೆಗಿಂತ ಹತ್ತು ಪಟ್ಟು ಸೋರುತ್ತದೆ ಎಂದಾಯಿತು. ಮನೆಯ ಹೊರಮೈ 20 ಚದರ ಮೀಟರ್ ಇದ್ದು ಅದರಲ್ಲಿ ಶೇಕಡ 60 ಗಾಜಾದರೆ ಸರಾಸರಿ 1.28. ಹೊರಗೆ ಮೈನಸ್ 15, ಒಳಗೆ 21 ಇರುವ ರಾತ್ರಿ ಆ ಮೈಯೊಂದರಿಂದಲೇ ಸುಮಾರು 920 ವ್ಯಾಟ್ ಸೋರಿಹೋಗುತ್ತದೆ. ಈಗ ಬಿಲ್ಡರ್ ತುಂಬು ಮನಸ್ಸಿನಿಂದ ಖರ್ಚು ಮಾಡಿ ಗೋಡೆಯ ಭಾಗದ ಇನ್ಸುಲೇಷನ್ನನ್ನು ಇಮ್ಮಡಿ ಮಾಡಿದ ಎನ್ನೋಣ. ಸೋರಿಕೆ ಇಳಿಯುವುದು 890ಕ್ಕೆ, ಅಷ್ಟೇ. ಅದರ ಬದಲು ಗಾಜನ್ನು ಶೇಕಡ 30ಕ್ಕೆ ಇಳಿಸಿ, ಯು-ಮೌಲ್ಯ 0.8 ಇರುವ ಮೂರು ಪದರದ ಕಿಟಕಿ ಹಾಕಿದರೆ? 275 ವ್ಯಾಟಿನ ಆಸುಪಾಸು. ಗೋಡೆ ಮೊದಲಿನದೇ.

ಬೆಳಕು ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು, ಸಂಜೆ ಐದಕ್ಕೇ ಕತ್ತಲಾಗುವ ಊರಿನಲ್ಲಿ ಬೆಳಕಿನ ಹಸಿವು ಎಂಥದ್ದೆಂದು ನಾನೂ ಕಂಡಿದ್ದೇನೆ. ಆದರೆ ಮೊಣಕಾಲಿಗಿಂತ ಕೆಳಗಿನ ಗಾಜಿನಿಂದ ಕೋಣೆಗೆ ಹೆಚ್ಚು ಬೆಳಕು ಬರುವುದಿಲ್ಲ. ಮಗಳ ಮನೆಯಲ್ಲಿ ಅದರ ಮುಂದೆ ಸೋಫಾ ಇತ್ತು. ಎತ್ತರಕ್ಕೆ ಇಟ್ಟ ಕಿಟಕಿಯಿಂದ ಬೆಳಕು ಕೋಣೆಯ ಒಳಗಿನವರೆಗೂ ಹೋಗುತ್ತದೆ. ಅದರ ಕೆಳಗೆ ಎರಡೂವರೆ ಅಡಿ ಗಟ್ಟಿ ಗೋಡೆ ಇದ್ದರೆ ಬೆಳಕಿಗೆ ಕೊರತೆಯಿಲ್ಲ, ಬೆಚ್ಚಗೆ ಕೂರಲು ಜಾಗವೂ ಆಗುತ್ತದೆ.

ಗಾಜಿನ ಬುಡದ ನೀರಿಗೂ ಇಲ್ಲೇ ಉತ್ತರವಿದೆ. 21 ಡಿಗ್ರಿಯ ಕೋಣೆಯಲ್ಲಿ ಶೇಕಡ 40 ತೇವಾಂಶವಿದ್ದರೆ, ಸುಮಾರು 7 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಸಿಕ್ಕರೂ ಗಾಳಿಯೊಳಗಿನ ತೇವ ಅಲ್ಲಿ ಹನಿಗಟ್ಟುತ್ತದೆ. ಕುಕ್ಕರ್ ಕೂಗುವ, ಎರಡು ಹೊತ್ತು ಬಿಸಿನೀರ ಸ್ನಾನವಾಗುವ ನಮ್ಮಂಥವರ ಮನೆಯಲ್ಲಿ ತೇವ ಇನ್ನೂ ಹೆಚ್ಚು. ಹನಿಯಿಂದ ಬೂಷ್ಟು, ಬೂಷ್ಟಿನಿಂದ ಮಕ್ಕಳಿಗೆ ಕೆಮ್ಮು. ಬೆಚ್ಚಗಿನ ಕಿಟಕಿ ಕೇವಲ ಬಿಲ್ಲಿನ ವಿಷಯವಲ್ಲ.

ಇನ್ನು ಕಾಲಿಡಲಾಗದ ಆ ನೆಲ. ಕುದಿಯುವ ಸಾರಿನಲ್ಲಿ ಸ್ಟೀಲ್ ಸೌಟು ಬಿಟ್ಟರೆ ಸ್ವಲ್ಪ ಹೊತ್ತಿಗೆ ಹಿಡಿ ಕೈ ಸುಡುತ್ತದೆ. ಮರದ ಹಿಡಿ ಸುಡುವುದಿಲ್ಲ. ಬಹುಪಾಲು ಕಟ್ಟಡಗಳಲ್ಲಿ ಬಾಲ್ಕನಿ ಎಂದರೆ ಮನೆಯ ನೆಲದ ಕಾಂಕ್ರೀಟ್ ಸ್ಲ್ಯಾಬೇ ಹೊರಕ್ಕೆ ಚಾಚಿಕೊಂಡಿರುವುದು. ಒಳಗಿನ ಬಿಸಿ ಅದರ ಮೂಲಕ, ಸೌಟಿನಲ್ಲಿ ಹರಿದ ಹಾಗೆ, ಹೊರಗೆ ಹರಿಯುತ್ತದೆ. ಪ್ರತಿ ಮಹಡಿಯಲ್ಲೂ, ಕಟ್ಟಡದ ಉದ್ದಕ್ಕೂ. ಗೋಡೆಗೆ ಎಷ್ಟೇ ದಪ್ಪ ಇನ್ಸುಲೇಷನ್ ಹೊದಿಸಿದರೂ ಅದನ್ನು ಸೀಳಿಕೊಂಡು ಸ್ಲ್ಯಾಬ್ ಹಾದುಹೋದರೆ ಕಂಬಳಿ ನಡುವೆ ಹರಿದಂತೆಯೇ. ಇದಕ್ಕೆ ಯುರೋಪಿನಲ್ಲಿ 1980ರ ದಶಕದಿಂದಲೇ ಪರಿಹಾರವಿದೆ. ಒಳ ಸ್ಲ್ಯಾಬಿಗೂ ಬಾಲ್ಕನಿಗೂ ನಡುವೆ ಇನ್ಸುಲೇಷನ್ ತುಂಡು ಕೂರಿಸಿ, ಭಾರ ಹೊರಲು ತೆಳು ಉಕ್ಕಿನ ಸರಳುಗಳನ್ನಷ್ಟೇ ದಾಟಿಸುತ್ತಾರೆ. ಅದು ಮರದ ಹಿಡಿಯ ಕೆಲಸ ಮಾಡುತ್ತದೆ. ಕಾಂಕ್ರೀಟ್ ಸುರಿಯುವ ಮೊದಲು ಇಡಬೇಕಾದ ವಸ್ತು ಅದು. ಸುರಿದ ಮೇಲೆ ಇಡಲು ದಾರಿಯಿಲ್ಲ.

ಊದಿನಕಡ್ಡಿಯ ಹೊಗೆಗೆ ಬರೋಣ. ಎತ್ತರದ ಕಟ್ಟಡ ಚಳಿಗಾಲದಲ್ಲಿ ಒಂದು ಚಿಮಣಿಯಾಗುತ್ತದೆ. ಒಳಗಿನ ಬಿಸಿಗಾಳಿ ಹಗುರ. ಅದು ಲಿಫ್ಟಿನ ಬಾವಿ, ಮೆಟ್ಟಿಲು, ಕಸದ ಕೊಳವೆ ಹಿಡಿದು ಮೇಲೇರುತ್ತದೆ. ಮೇಲಿನ ಮಹಡಿಗಳ ಸಂದಿಗಳಿಂದ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನ ಮಹಡಿಗಳು ಹೊರಗಿನ ಚಳಿಗಾಳಿಯನ್ನು ಎಳೆದುಕೊಳ್ಳುತ್ತವೆ. 70 ಮೀಟರ್ ಎತ್ತರದ ಕಟ್ಟಡದಲ್ಲಿ ಅಂಥ ರಾತ್ರಿ ಬುಡಕ್ಕೂ ತುದಿಗೂ ನಡುವೆ ಹುಟ್ಟುವ ಒತ್ತಡ, ಲೆಕ್ಕದ ಪ್ರಕಾರ, 115 ಪ್ಯಾಸ್ಕಲ್ ಹತ್ತಿರ. ಅದರಲ್ಲಿ ಅರ್ಧ ಬುಡದಲ್ಲಿ ಎಳೆಯುತ್ತದೆ, ಅರ್ಧ ತುದಿಯಲ್ಲಿ ನೂಕುತ್ತದೆ. ಒಳಗಿನ ಬಾಗಿಲು ಗೋಡೆಗಳು ಒಂದು ಪಾಲು ತಡೆದರೂ ಲಾಬಿಯ ಬಾಗಿಲು ತೆಗೆಯಲು ಯಾಕೆ ಅಷ್ಟು ಬಲ ಬೇಕು, ಲಿಫ್ಟಿನ ಬಾಗಿಲ ಸಂದಿಯಲ್ಲಿ ಯಾಕೆ ಸಿಳ್ಳೆ ಕೇಳುತ್ತದೆ ಎನ್ನುವುದು ಇದರಿಂದ ತಿಳಿಯುತ್ತದೆ.

ಈ ಸೋರಿಕೆಯನ್ನು ಅಳೆಯುವ ಸಾಧನ ಸರಳ. ಬಾಗಿಲಿಗೆ ಬಟ್ಟೆಯ ಪರದೆ ಬಿಗಿದು, ಅದರಲ್ಲೊಂದು ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಎಳೆಯುತ್ತಾರೆ. ಬ್ಲೋಅರ್ ಡೋರ್ ಎಂದು ಹೆಸರು. ಒಳಗೂ ಹೊರಗೂ 50 ಪ್ಯಾಸ್ಕಲ್ ವ್ಯತ್ಯಾಸ ಬರುವಂತೆ ಮಾಡಿ, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್ ಗಾಳಿ ಎಲ್ಲ ಗೋಡೆಗೂ ಒಟ್ಟಿಗೆ ಬೀಸಿದಷ್ಟು, ಗಂಟೆಯಲ್ಲಿ ಒಳಗಿನ ಗಾಳಿ ಎಷ್ಟು ಸಲ ಬದಲಾಯಿತು ಎಂದು ನೋಡುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ ಪ್ಯಾಸಿವ್ ಹೌಸ್ ಮಾನದಂಡದಲ್ಲಿ ಅದು 0.6 ಸಲಕ್ಕಿಂತ ಹೆಚ್ಚಿರಬಾರದು.

ಅಷ್ಟು ಬಿಗಿ ಮಾಡಿದರೆ ಉಸಿರುಗಟ್ಟುವುದಿಲ್ಲವೇ? ಇದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ, ಮತ್ತು ಸರಿಯಾದ ಪ್ರಶ್ನೆ. ಮಗಳ ಕಟ್ಟಡದಲ್ಲಿ, ಆ ನಾಡಿನ ಅನೇಕ ಕಟ್ಟಡಗಳ ಹಾಗೆ, ತಾರಸಿಯ ಯಂತ್ರವೊಂದು ಕಾರಿಡಾರಿಗೆ ಗಾಳಿ ಊದುತ್ತದೆ. ಅದು ಬಾಗಿಲ ಕೆಳಗಿನ ಸಂದಿಯಿಂದ ಮನೆಯೊಳಗೆ ಬರಲಿ ಎಂಬ ಲೆಕ್ಕ. ಚಿಮಣಿಯ ಎಳೆತದ ಮುಂದೆ ಆ ಲೆಕ್ಕ ನಿಲ್ಲುವುದಿಲ್ಲ. ಆ ಮೂರನೇ ಮಹಡಿಯಲ್ಲಿ ಗಾಳಿ ಉಲ್ಟಾ ಹರಿಯುತ್ತಿತ್ತು. ಇಂಗು ಒಗ್ಗರಣೆಯ ಘಮ ಮೇಲಿನ ಮಹಡಿಗಳಿಗೆ ಹೋಗಿ, ಮಗಳ ಮನೆಯ ಮೇಲೆ ಎರಡು ಸಲ ದೂರು ಬಂದಿತ್ತು. ಅವಳು ಒಗ್ಗರಣೆ ಹಾಕುವುದನ್ನೇ ವಾರಾಂತ್ಯಕ್ಕೆ ಇಟ್ಟುಕೊಂಡಿದ್ದಳು. ಸಂಕೋಚ ಪಡಬೇಕಾದದ್ದು ಅವಳ ಅಡುಗೆಯಲ್ಲ, ಆ ಕಟ್ಟಡ.

ಸರಿಯಾದ ದಾರಿ ಬೇರೆ. ಪ್ರತಿ ಮನೆಯನ್ನೂ ಮುಚ್ಚಿದ ಡಬ್ಬಿಯ ಹಾಗೆ ಅಕ್ಕಪಕ್ಕದಿಂದ, ಕಾರಿಡಾರಿನಿಂದ ಬಿಗಿಯಾಗಿ ಬೇರೆ ಮಾಡಿ, ಅದಕ್ಕೆ ಅದರದೇ ಗಾಳಿಯಂತ್ರ ಕೊಡುವುದು. ಹೊರಗೆ ಹೋಗುವ ಬಚ್ಚಲು ಅಡುಗೆಮನೆಗಳ ಹಳೆ ಗಾಳಿಯೂ ಒಳಗೆ ಬರುವ ಹೊಸ ಗಾಳಿಯೂ ಅದರೊಳಗೆ ತೆಳು ಹಾಳೆಗಳ ಎರಡು ಮಗ್ಗುಲಲ್ಲಿ ಹಾದುಹೋಗುತ್ತವೆ. ಗಾಳಿ ಬೆರೆಯುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಶೇಕಡ 80 ಬಿಸಿ ದಾಟಿದರೆ ಮೈನಸ್ 15ರ ಗಾಳಿ ಕೋಣೆಗೆ ಬರುವ ಹೊತ್ತಿಗೆ 14 ಡಿಗ್ರಿ ಆಗಿರುತ್ತದೆ. ಕಿಟಕಿ ತೆರೆಯಬಾರದೆಂದೇನೂ ಇಲ್ಲ. ಚಳಿಯಲ್ಲಿ ತೆರೆಯಲೇಬೇಕಾದ ಅಗತ್ಯ ಬೀಳುವುದಿಲ್ಲ ಅಷ್ಟೆ.

ಇದೆಲ್ಲ ಹೊಸ ವಿದ್ಯೆಯಲ್ಲ. 1973ರ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ, 1977ರಲ್ಲಿ, ಕೆನಡಾದ್ದೇ ಆದ ರೆಜೈನಾ ನಗರದಲ್ಲಿ ಹೆರಾಲ್ಡ್ ಓರ್ ಮತ್ತು ಸಂಗಡಿಗರು ಸಸ್ಕಾಚೆವಾನ್ ಕನ್ಸರ್ವೇಷನ್ ಹೌಸ್ ಕಟ್ಟಿದರು. ದಪ್ಪ ಇನ್ಸುಲೇಷನ್, ಗಾಳಿ ನುಸುಳದ ಬಿಗಿ, ಬಿಸಿ ಉಳಿಸುವ ಗಾಳಿಯಂತ್ರ ಮೂರೂ ಅದರಲ್ಲಿದ್ದವು. ಜರ್ಮನಿಯ ವುಲ್ಫ್‌ಗಾಂಗ್ ಫೈಸ್ಟ್ ಮತ್ತು ಸ್ವೀಡನ್ನಿನ ಬೋ ಆಡಮ್ಸನ್ ಅಂಥ ಕೆಲಸಗಳನ್ನು ಲೆಕ್ಕಕ್ಕೆ ತಂದು ಪ್ಯಾಸಿವ್ ಹೌಸ್ ರೂಪಿಸಿದರು. ಅದರ ಮೊದಲ ಸಾಲುಮನೆಗಳು 1991ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಎದ್ದವು. ಪ್ಯಾಸಿವ್ ಹೌಸಿನ ಮಿತಿ ಇಷ್ಟು: ವರ್ಷಕ್ಕೆ ಚದರ ಮೀಟರಿಗೆ 15 ಕಿಲೋವ್ಯಾಟ್ ಗಂಟೆ ಶಾಖ, ಅಥವಾ ಯಾವ ಹೊತ್ತಿಗೂ 10 ವ್ಯಾಟ್ ಮೀರದ ಬೇಡಿಕೆ. 80 ಚದರ ಮೀಟರಿನ ಮನೆಗೆ 800 ವ್ಯಾಟ್ ಸಾಕು ಎಂದರ್ಥ. ಒಂದು ಇಸ್ತ್ರಿಪೆಟ್ಟಿಗೆ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಎತ್ತರದ ಕಟ್ಟಡಕ್ಕೆ ಆಗದ ಮಾತು ಎನ್ನುವವರಿಗೆ ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪದಲ್ಲಿ 2017ರಲ್ಲಿ ತೆರೆದ, ಕಾರ್ನೆಲ್ ಟೆಕ್ ಆವರಣದ 26 ಮಹಡಿಯ ವಸತಿ ಕಟ್ಟಡವೇ ಉತ್ತರ. ಬೇಡಿಕೆ ಇಷ್ಟು ಇಳಿದ ಮೇಲೆ ಹೀಟ್ ಪಂಪ್ ಬರಲಿ: ಚಿಕ್ಕದು ಸಾಕು, ಗ್ಯಾಸ್ ಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಮಳೆಯೂರಾದ ವ್ಯಾಂಕೂವರಿನ ಸುತ್ತ 1980 ಮತ್ತು 90ರ ದಶಕಗಳಲ್ಲಿ ಕಟ್ಟಿದ ಸಾವಿರಾರು ಫ್ಲ್ಯಾಟುಗಳ ಗೋಡೆಗಳು ಒಳಗೊಳಗೇ ಕೊಳೆತವು. ಹೊರ ಗಾರೆಯನ್ನು ದಾಟಿ ನುಗ್ಗಿದ ಮಳೆನೀರಿಗೆ ಹೊರಬರಲು ದಾರಿಯಿರಲಿಲ್ಲ, ಒಣಗಲು ಗಾಳಿಯಿರಲಿಲ್ಲ. ಜೀವಮಾನದ ಉಳಿತಾಯ ಹಾಕಿದ ಕುಟುಂಬಗಳು ರಿಪೇರಿಯ ಹೊರೆಗೆ ಕುಸಿದವು. 1998ರಲ್ಲಿ ಡೇವ್ ಬ್ಯಾರೆಟ್ ನೇತೃತ್ವದ ತನಿಖಾ ಆಯೋಗವೇ ಕೂರಬೇಕಾಯಿತು. ಇನ್ಸುಲೇಷನ್ ದಪ್ಪವಾದಷ್ಟೂ ಗೋಡೆಯ ಹೊರಭಾಗ ತಣ್ಣಗಿರುತ್ತದೆ, ಒಣಗುವುದು ನಿಧಾನವಾಗುತ್ತದೆ. ಆದ್ದರಿಂದ ಹೊರಹೊದಿಕೆಯ ಹಿಂದೆ ನೀರು ಇಳಿದುಹೋಗಲು, ಗಾಳಿಯಾಡಲು ಬೆರಳಗಲದ ತೆರವು ಬಿಡಲೇಬೇಕು. ಬೆಚ್ಚಗಿನ ಗೋಡೆ ಕಟ್ಟುವವನಿಗೆ ಮಳೆಯ ಜ್ಞಾನ ಇಲ್ಲದಿದ್ದರೆ ಅವನ ಕೈಗೆ ಮನೆ ಕೊಡಬಾರದು.

ಬೇಸಿಗೆಯೂ ಹಾಗೆಯೇ. 2021ರ ಜೂನ್ ಕೊನೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಮೇಲೆ ಬಿಸಿಗಾಳಿ ಕವಿದಾಗ ಲಿಟನ್ ಊರಿನಲ್ಲಿ 49.6 ಡಿಗ್ರಿ ದಾಖಲಾಯಿತು. ಆ ಪ್ರಾಂತದಲ್ಲಿ ಸೆಕೆಗೆ 619 ಜನ ಸತ್ತರು, ಬಹುತೇಕ ಎಲ್ಲರೂ ಮನೆಯೊಳಗೇ. ಚಳಿ ತಡೆಯುವ ಗೋಡೆ ಸೆಕೆಯನ್ನೂ ತಡೆಯುತ್ತದೆ, ಆದರೆ ಗಾಜಿನಿಂದ ಒಳಬಂದ ಬಿಸಿಲನ್ನು ಹೊರಗೆ ಬಿಡುವುದಿಲ್ಲ. ಪಶ್ಚಿಮದ ಕಿಟಕಿಗೆ ಹೊರಗಡೆ ನೆರಳು ಬೇಕು. ಒಳಗಿನ ಪರದೆಯಿಂದ ಹೆಚ್ಚು ಉಪಯೋಗವಿಲ್ಲ. ಅಷ್ಟರಲ್ಲಿ ಬಿಸಿ ಒಳಗಾಗಿಬಿಟ್ಟಿರುತ್ತದೆ.

ಇಷ್ಟು ಗೊತ್ತಿದ್ದೂ ಯಾಕೆ ಆಗುವುದಿಲ್ಲ? ಕಟ್ಟುವವನು ಮಾರಿ ಹೋಗುತ್ತಾನೆ, ಬಿಲ್ಲು ಕಟ್ಟುವವರು ಆಮೇಲೆ ಬರುತ್ತಾರೆ. ಇದನ್ನು ಮಾರುಕಟ್ಟೆಯೇ ಸರಿಪಡಿಸುತ್ತದೆಂದು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಬ್ರಿಟಿಷ್ ಕೊಲಂಬಿಯಾ 2017ರಲ್ಲಿ ತಂದ ಸ್ಟೆಪ್ ಕೋಡ್ ಎಂಬ ಕಟ್ಟಡ ನಿಯಮ ಹಿಡಿದ ದಾರಿ ನನಗೆ ಸರಿ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲಾಗಿ 2032ರ ಹೊತ್ತಿಗೆ ಎಲ್ಲಿ ತಲುಪಬೇಕೆಂದು ಮೊದಲೇ ಹೇಳಿ, ಯಾವ ಸಾಮಾನು ಹಾಕಿದಿರಿ ಎನ್ನುವುದಕ್ಕಿಂತ ಕಟ್ಟಡ ನಿಜವಾಗಿ ಹೇಗೆ ನಡೆಯುತ್ತದೆ ಎಂದು ಕೇಳುತ್ತದೆ, ಗಾಳಿ ಸೋರಿಕೆಯನ್ನು ಅಳೆದು ತೋರಿಸಲು ಹೇಳುತ್ತದೆ. ಕಂಪ್ಯೂಟರಿನ ಲೆಕ್ಕಕ್ಕೆ ಪ್ಲಗ್ ಪಾಯಿಂಟಿನ ಹಿಂದಿನ ತೂತು ಕಾಣುವುದಿಲ್ಲ.

ಮಗಳು ಈಗ ಮನೆ ಬದಲಿಸುವ ಯೋಚನೆಯಲ್ಲಿದ್ದಾಳೆ. ಮಾರಾಟದ ಕಚೇರಿಗಳಲ್ಲಿ ಗ್ರಾನೈಟ್ ಕಟ್ಟೆ, ಜಿಮ್, ಈಜುಕೊಳ ತೋರಿಸುತ್ತಾರೆ. ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ಹೊರಗೋಡೆಯಲ್ಲಿ ಗಾಜೆಷ್ಟು? ಎರಡು ಪದರವೋ ಮೂರೋ? ಬಾಲ್ಕನಿ ಸ್ಲ್ಯಾಬಿಗೆ ತಡೆ ಇದೆಯೇ? ಗಾಳಿಯಂತ್ರ ಮನೆಮನೆಗೂ ಇದೆಯೇ? ಸೋರಿಕೆ ಪರೀಕ್ಷೆ ಮಾಡಿದ್ದೀರಾ, ಯಾವಾಗ? ಹೆಚ್ಚಿನ ಕಡೆ ಉತ್ತರ ಸಿಗಲಿಲ್ಲ. ಒಂದು ಕಡೆ ಮಾತ್ರ ಒಬ್ಬ ಸೈಟ್ ಎಂಜಿನಿಯರ್ ಮೊಬೈಲ್ ತೆಗೆದು, ಒಳಗಿನ ಹಲಗೆ ಹೊಡೆಯುವ ಮುಂಚೆಯೇ ನಾಲ್ಕನೇ ಮಹಡಿಯಲ್ಲಿ ಮಾಡಿದ ಪರೀಕ್ಷೆಯ ವಿಡಿಯೊ ತೋರಿಸಿದ. ಬಾಗಿಲಲ್ಲಿ ಫ್ಯಾನ್ ಓಡುತ್ತಿದೆ. ಕೆಲಸಗಾರ್ತಿಯೊಬ್ಬಳು ಹೊಗೆಯ ಕೊಳವೆಯನ್ನು ಕಿಟಕಿ ಚೌಕಟ್ಟಿನ ಗುಂಟ ಸರಿಸುತ್ತ ಬಂದು ಒಂದು ಮೂಲೆಯಲ್ಲಿ ನಿಲ್ಲುತ್ತಾಳೆ; ಹೊಗೆ ಒಳಕ್ಕೆ ಬಾಗುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾಳೆ, ಇನ್ನೊಬ್ಬ ಅಲ್ಲಿಗೆ ಸೀಲೆಂಟ್ ಒತ್ತುತ್ತಾನೆ. ಮತ್ತೆ ಹೊಗೆ ಹಿಡಿಯುತ್ತಾಳೆ. ಈ ಸಲ ಅದು ನೆಟ್ಟಗೆ ಏಳುತ್ತದೆ.