ಪ್ರಶಸ್ತಿಗೆ ಹೋಗುವ ಸುದ್ದಿಯೂ ಓದುಗರ ಕಾಗದವೂ



ಸಿರಿಗೇರಿಯ ವಾಚನಾಲಯದಲ್ಲಾಗಲಿ, ಸಿರುಗುಪ್ಪ ಕುರುಗೋಡು ಕಡೆಯ ಬೇರೆ ಯಾವ ಹಳ್ಳಿಯ ವಾಚನಾಲಯದಲ್ಲಾಗಲಿ, ಮಳೆಗಾಲದ ಬೆಳಿಗ್ಗೆ ಪತ್ರಿಕೆ ಬಿಚ್ಚಿದವರು ಮೊದಲು ಹುಡುಕುವುದು ಏನನ್ನು ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ತುಂಗಭದ್ರಾ ಜಲಾಶಯದ ನೀರಿನ ಪಟ್ಟಿ. ಗರಿಷ್ಠ ಮಟ್ಟ 1,633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾಲ್ಕು ಸಾಲಿನ ಆ ಪಟ್ಟಿಯನ್ನು ನೋಡಿ ಭತ್ತದ ಸಸಿ ಹಾಕುವವರುಂಟು, ಇನ್ನೂ ಎಂಟು ದಿನ ತಾಳೋಣ ಎನ್ನುವವರುಂಟು. ಪತ್ರಿಕೆಯಲ್ಲಿ ಅಷ್ಟು ಜನರ ಬದುಕಿಗೆ ನೇರವಾಗಿ ತಗಲುವ ಬೇರೆ ಮಾತು ಆ ದಿನ ಇರಲಾರದು. ಆದರೆ ಪತ್ರಿಕೋದ್ಯಮಕ್ಕೆ ಕೊಡುವ ಪ್ರಶಸ್ತಿಗಳ ಯಾವ ವಿಭಾಗಕ್ಕೂ ಅದು ಸೇರುವುದಿಲ್ಲ.

ಪತ್ರಿಕೆಯವರು ಪತ್ರಿಕೆಯವರಿಗೆ ಹಾರ ಹಾಕಿಕೊಳ್ಳುವ ವಿಷಯ ಕೃಷಿ ಪುಟದಲ್ಲೇಕೆ ಎಂದು ನೀವು ಕೇಳಬಹುದು. ಯಾವುದಕ್ಕೆ ಬಹುಮಾನವೋ ಅದನ್ನು ಬರೆಯುವ ಕಡೆಗೆ ಬರೆಯುವವನ ಮನಸ್ಸು ಓಡುತ್ತದೆ. ಕಾಲುವೆಯ ಕೊನೆಭಾಗಕ್ಕೆ ನೀರು ಬಂತೋ ಇಲ್ಲವೋ ಎಂದು ಹೋಗಿ ನೋಡುವ ವರದಿಗಾರನಿಗೆ ಮನ್ನಣೆ ಇಲ್ಲವಾದರೆ, ಮುಂದಿನ ಸಲ ಅವನು ಹೋಗದೆ ಇರಬಹುದು. ಅದರ ನಷ್ಟ ನಿಮ್ಮದು. ಆದ್ದರಿಂದ ಪ್ರಶಸ್ತಿಯ ನಿಯಮಗಳು ನಿಮಗೂ ಗೊತ್ತಿರತಕ್ಕದ್ದು.

ಪತ್ರಿಕೆಯ ಕಥೆಗೂ ನಮ್ಮ ಬಳ್ಳಾರಿಗೂ ಹಳೆಯ ನಂಟಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಡಿಸಿದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಕಲ್ಲಚ್ಚಿನ ಪತ್ರಿಕೆ ಅದು. ವರ್ಷ ತುಂಬುವ ಮೊದಲೇ, 1844ರಲ್ಲಿ, ಅದು ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಆ ಜುಲೈ 1ನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಊರೂರಿನ ಪತ್ರಕರ್ತರ ಸಂಘಗಳು ಸನ್ಮಾನ ಇಟ್ಟುಕೊಳ್ಳುವುದೂ ಆ ಸುಮಾರಿಗೇ.

ನಮ್ಮ ರಾಜ್ಯದಲ್ಲಿ ಮಾಧ್ಯಮ ಅಕಾಡೆಮಿ ವರ್ಷವರ್ಷವೂ ಪ್ರಶಸ್ತಿ ಕೊಡುತ್ತದೆ. ಅದರ ಜೊತೆಗೆ ದತ್ತಿ ಪ್ರಶಸ್ತಿಗಳಿವೆ. ಒಳ್ಳೆಯ ಜಿಲ್ಲಾ ಪತ್ರಿಕೆಗೆ ‘ಆಂದೋಲನ’ ಪ್ರಶಸ್ತಿ, ಸಾಮಾಜಿಕ ಸಮಸ್ಯೆಯ ಬಗೆಗಿನ ಬರಹಕ್ಕೆ ‘ಅಭಿಮಾನಿ’, ಮಾನವೀಯ ವರದಿಗೆ ‘ಮೈಸೂರು ದಿಗಂತ’. ಸರ್ಕಾರದಿಂದ ಅಭಿವೃದ್ಧಿ ಪತ್ರಿಕೋದ್ಯಮಕ್ಕೊಂದು, ಪರಿಸರ ಪತ್ರಿಕೋದ್ಯಮಕ್ಕೊಂದು. ದೇಶದ ಮಟ್ಟದಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ 1979ರಲ್ಲಿ ಗ್ರಾಮೀಣ ವರದಿಗೆಂದೇ ಪ್ರಶಸ್ತಿ ಸ್ಥಾಪಿಸಿತು. ಭಾರತೀಯ ಕೃಷಿ ಸಂಶೋಧನಾ ಮಂಡಳಿ ಚೌಧುರಿ ಚರಣ್ ಸಿಂಗ್ ಅವರ ಹೆಸರಿನಲ್ಲಿ ಕೃಷಿ ಪತ್ರಿಕೋದ್ಯಮಕ್ಕೆ ಪ್ರಶಸ್ತಿ ಇಟ್ಟಿತು. 2006ರಿಂದ ಬಂದ ರಾಮನಾಥ ಗೋಯೆಂಕಾ ಪ್ರಶಸ್ತಿಗಳಲ್ಲಿ ಪ್ರಾದೇಶಿಕ ಭಾಷೆಗಳಿಗೆ ಒಂದು ವಿಭಾಗವಿದೆ, ಕಣ್ಣಿಗೆ ಬೀಳದ ಭಾರತದ ಬಗೆಗೆ ಇನ್ನೊಂದಿದೆ. ಹೀಗಾಗಿ ಹಳ್ಳಿಯ ಸುದ್ದಿಗೆ ಬಾಗಿಲೇ ಇಲ್ಲ ಎನ್ನುವಂತಿಲ್ಲ. ಬಾಗಿಲ ಬಳಿ ಕೇಳುವ ಚೀಟಿಯಲ್ಲಿ ತೊಡಕಿದೆ.

ಇಂಥ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಯಮಗಳು ಇವು. ಬರಹವು ಹಿಂದಿನ ಜನವರಿ 1ರಿಂದ ಡಿಸೆಂಬರ್ 31ರ ಒಳಗೆ ಅಚ್ಚಾಗಿರಬೇಕು. ಪತ್ರಿಕೆಯ ಹೆಸರು, ತಾರೀಖು ಕಾಣುವ ಮೂಲ ಪ್ರತಿ ಬೇಕು. ಬರೆದವರ ಹೆಸರು ಅದರಲ್ಲಿ ಇರಬೇಕು, ಇಲ್ಲದಿದ್ದರೆ ಇದು ಇಂಥವರದೇ ಎಂದು ಸಂಪಾದಕರು ದೃಢೀಕರಿಸಿ ಸಹಿ ಹಾಕಬೇಕು. ಕೊನೆಯ ದಿನದ ನಂತರ ಬಂದದ್ದು ಪರಿಗಣನೆಗೆ ಇಲ್ಲ. ತೀರ್ಪುಗಾರರ ತೀರ್ಮಾನವೇ ಅಂತಿಮ.

ಕೇಳಲು ಸರಳವಾಗಿದೆ. ಆದರೆ ನಿಮ್ಮ ಊರಿನ ಸುದ್ದಿ ಕಳಿಸುವವನನ್ನು ನೆನೆಯಿರಿ. ಅವನಿಗೆ ತಿಂಗಳ ಸಂಬಳವಿಲ್ಲ, ಹೊಟ್ಟೆಪಾಡಿಗೆ ಜೆರಾಕ್ಸ್ ಅಂಗಡಿಯೋ ವಿಮೆಯ ಏಜೆನ್ಸಿಯೋ ಎರಡೆಕರೆ ಹೊಲವೋ ಇರುತ್ತದೆ. ತೂಬಿನ ಬಳಿ ಜಗಳವಾದರೆ ಓಡುವವನು ಅವನು, ಆಲಿಕಲ್ಲು ಬಿದ್ದರೆ ಹೊಲಕ್ಕೆ ಇಳಿಯುವವನೂ ಅವನೇ. ಅವನು ಕಳಿಸಿದ ಮೂವತ್ತು ಸಾಲು ಕಚೇರಿಯಲ್ಲಿ ಹತ್ತು ಸಾಲಾಗಿ, ‘ಸಿರಿಗೇರಿ:’ ಎಂಬ ಊರ ಹೆಸರಿನಡಿ ಅಚ್ಚಾಗುತ್ತದೆ. ಅವನ ಹೆಸರಿಗೆ ಅಲ್ಲಿ ಜಾಗವಿಲ್ಲ. ವರ್ಷ ಕಳೆದ ಮೇಲೆ ಪ್ರಶಸ್ತಿಯ ಪ್ರಕಟಣೆ ಕಂಡು ಹುಡುಕಲು ಹೊರಟರೆ ಆ ದಿನದ ಪತ್ರಿಕೆ ಅವನ ಮನೆಯಲ್ಲಿ ಇರುವುದಿಲ್ಲ, ಕಿರಾಣಿ ಅಂಗಡಿಯ ಪೊಟ್ಟಣವಾಗಿ ಎಂದೋ ಹೋಗಿರುತ್ತದೆ. ಪಟ್ಟಣದಲ್ಲಿ ಕುಳಿತು ಐದು ಕಾಲಂನ ಲೇಖನ ಬರೆದವರಿಗೆ ಈ ಕಷ್ಟವಿಲ್ಲ. ಹೆಸರೂ ಇರುತ್ತದೆ, ಭಾವಚಿತ್ರವೂ ಇರುತ್ತದೆ.

ವಿಭಾಗಗಳ ಮಾತಿಗೆ ಬಂದರೆ ಇನ್ನೊಂದು ಸಂಗತಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು ರೈತರು ರೊಚ್ಚಿಗೆದ್ದರು. ಎ.ಪಿ.ಎಂ.ಸಿ. ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆಯಿಂದ ಚೀಲ ಹೇರಿಕೊಂಡು ಹೋಗುವ ಮಾರುಕಟ್ಟೆ ಅದು. ಬೆಂಕಿಯ ಛಾಯಾಚಿತ್ರವನ್ನು ಯಾವ ವಿಭಾಗಕ್ಕೆ ಕಳಿಸಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಬೆಂಕಿಗೆ ಮೊದಲಿನ ವಾರಗಳಲ್ಲಿ ಆವಕ ಎಷ್ಟು, ಧಾರಣೆ ಹೇಗೆ ಇಳಿಯುತ್ತಿದೆ, ಶೀತಲಗೃಹಗಳಲ್ಲಿ ಜಾಗ ಉಂಟೇ ಎಂದು ದಿನವೂ ವಿಚಾರಿಸಿ ಬರೆಯುವುದು ಯಾವ ವಿಭಾಗ? ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ದೇಶದ ಪತ್ರಿಕೆಗಳೆಲ್ಲ ಹೊಸಪೇಟೆಗೆ ಬಂದವು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ ಸಾಹಸವನ್ನೂ ಬರೆದವು. ತಪ್ಪೇನಲ್ಲ, ಬರೆಯಬೇಕಾದದ್ದೇ. ಆದರೆ ಅದೇ ಜಲಾಶಯದಲ್ಲಿ ಹೂಳು ತುಂಬಿ, ಮೊದಲಿಗೆ ಸುಮಾರು 133 ಟಿ.ಎಂ.ಸಿ. ಇದ್ದ ಸಾಮರ್ಥ್ಯ ಸುಮಾರು 106 ಟಿ.ಎಂ.ಸಿ.ಗೆ ಇಳಿದದ್ದು ಒಂದು ರಾತ್ರಿಯ ಮಾತಲ್ಲ. ನಿಧಾನವಾಗಿ ಆಗುವ ನಷ್ಟದ ಸುದ್ದಿಯನ್ನು ಒಂದೇ ಕತ್ತರಿಕೆಯಲ್ಲಿ ಅಂಟಿಸಿ ಕಳಿಸುವುದು ಕಷ್ಟ.

ದೂರದ ಅಮೆರಿಕದಲ್ಲಿ ಪುಲಿಟ್ಜರ್ ಎಂಬ ಪ್ರಶಸ್ತಿ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯ 1917ರಿಂದ ಕೊಡುತ್ತಿದೆ. ನಮ್ಮ ಅಣೆಕಟ್ಟಿನಿಂದ ಕಾಲುವೆಗೆ ಮೊದಲು ನೀರು ಬಿಟ್ಟ 1953ರಲ್ಲಿ, ಸಾರ್ವಜನಿಕ ಸೇವೆಗಾಗಿ ಇರುವ ಅದರ ಚಿನ್ನದ ಪದಕ ಎರಡು ಸಣ್ಣ ಊರುಗಳ ಪತ್ರಿಕೆಗಳಿಗೆ ಹೋಯಿತು. ಉತ್ತರ ಕೆರೊಲಿನಾದ ಹೊಗೆಸೊಪ್ಪಿನ ಸೀಮೆಯ ‘ಟೇಬರ್ ಸಿಟಿ ಟ್ರಿಬ್ಯೂನ್’ ಮತ್ತು ವೈಟ್‌ವಿಲ್‌ನ ‘ನ್ಯೂಸ್ ರಿಪೋರ್ಟರ್’. ಕರಿಯರನ್ನು ಹಿಂಸಿಸುತ್ತಿದ್ದ ಕ್ಲೂ ಕ್ಲಕ್ಸ್ ಕ್ಲಾನ್ ಎಂಬ ಮುಸುಕಿನ ಗುಂಪನ್ನು ತಮ್ಮ ಊರಲ್ಲೇ ಎದುರು ಹಾಕಿಕೊಂಡು ಬರೆದ ಪತ್ರಿಕೆಗಳು ಅವು. ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 2017ರಲ್ಲಿ ಸಂಪಾದಕೀಯಕ್ಕಾಗಿ ಅದೇ ಪ್ರಶಸ್ತಿ ಪಡೆದವರು ಅಯೋವಾ ಪ್ರಾಂತದ ‘ಸ್ಟಾರ್ಮ್ ಲೇಕ್ ಟೈಮ್ಸ್’ ಪತ್ರಿಕೆಯ ಆರ್ಟ್ ಕಲೆನ್. ಆಗ ವಾರಕ್ಕೆರಡು ಸಲ ಬರುತ್ತಿದ್ದ, ಮೂರು ಸಾವಿರದಷ್ಟು ಪ್ರತಿ ಹೋಗುತ್ತಿದ್ದ ಪತ್ರಿಕೆ. ಸೀಮೆಯೆಲ್ಲ ಮುಸುಕಿನ ಜೋಳ, ಸೋಯಾ, ಹಂದಿ ಸಾಕಣೆ. ಗೊಬ್ಬರದ ನೈಟ್ರೇಟು ನದಿಗೆ ಸೇರಿ ಕುಡಿಯುವ ನೀರು ಕೆಡುತ್ತಿದೆ ಎಂದು ನಗರದವರು ಮೊಕದ್ದಮೆ ಹೂಡಿದ್ದರು. ಎದುರುಪಕ್ಷದ ವಕೀಲರ ಖರ್ಚನ್ನು ಮರೆಯಲ್ಲಿ ನಿಂತು ಕೊಡುತ್ತಿರುವವರು ಯಾರು ಎಂದು ಕಲೆನ್ ಬಿಡದೆ ಕೇಳಿದರು. ತಮ್ಮ ಓದುಗರಿಗೇ ಹಿತವಾಗದ ಮಾತು ಬರೆದು ಅವರ ನಡುವೆಯೇ ಬಾಳಿದರು. ಯೂರಿಯಾ ಚೀಲ ಲೆಕ್ಕವಿಲ್ಲದೆ ಸುರಿಯುವ ನಮ್ಮ ಭತ್ತದ ಸೀಮೆಯಲ್ಲಿ ಅಂಥ ಸಂಪಾದಕೀಯ ಬರೆದರೆ ನೀವು ಎಷ್ಟು ಮಂದಿ ಪೂರ್ತಿ ಓದುವಿರೋ ಕಾಣೆವು.

ಪುಲಿಟ್ಜರ್ ನಿಯಮಗಳಲ್ಲಿ ನಮ್ಮ ಗಮನ ಸೆಳೆದದ್ದು ಒಂದು. ಪ್ರಶಸ್ತಿಗೆ ಕಳಿಸಿದ ವರದಿಯ ಸತ್ಯದ ಬಗೆಗೆ, ನ್ಯಾಯದ ಬಗೆಗೆ ಯಾರಾದರೂ ಗಂಭೀರವಾಗಿ ಆಕ್ಷೇಪ ಎತ್ತಿದ್ದರೆ, ಆ ಓದುಗರ ಕಾಗದ, ಪತ್ರಿಕೆ ಹಾಕಿದ ತಿದ್ದುಪಡಿ, ಕೊಟ್ಟ ಉತ್ತರ, ಎಲ್ಲವನ್ನೂ ಅರ್ಜಿಯ ಜೊತೆಗೆ ಲಗತ್ತಿಸಬೇಕು. ಹೊಗಳಿಕೆ ಕಳಿಸಿದಂತೆ ತೆಗಳಿಕೆಯನ್ನೂ ಕಳಿಸಬೇಕು.

ಆಕ್ಷೇಪವನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ಅದೇ ಪ್ರಶಸ್ತಿಯ ಚರಿತ್ರೆಯಲ್ಲಿ ಉದಾಹರಣೆ ಇದೆ. 1980ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಜಾನೆಟ್ ಕುಕ್ ಎಂಬಾಕೆ ಮಾದಕ ವಸ್ತುವಿನ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಕಥೆ ಬರೆದರು. ಪೊಲೀಸರು ಊರೆಲ್ಲ ಹುಡುಕಿದರು, ಹುಡುಗ ಸಿಗಲಿಲ್ಲ. ಪತ್ರಿಕೆಯೊಳಗೂ ಅನುಮಾನಪಟ್ಟವರಿದ್ದರು. ಆದರೂ ಬರಹ ಪ್ರಶಸ್ತಿಗೆ ಹೋಯಿತು, 1981ರಲ್ಲಿ ಪ್ರಶಸ್ತಿಯೂ ಬಂತು. ಕೆಲವೇ ದಿನಗಳಲ್ಲಿ ಅಂಥ ಹುಡುಗನೇ ಇಲ್ಲವೆಂದು ಬಯಲಾಗಿ ಪ್ರಶಸ್ತಿಯನ್ನು ಹಿಂದಿರುಗಿಸಬೇಕಾಯಿತು.

ಅದು ದೊಡ್ಡ ಊರಿನ ದೊಡ್ಡ ಸುಳ್ಳು. ಕೃಷಿ ಪುಟಗಳ ಸುಳ್ಳು ಸಣ್ಣದಾಗಿರುತ್ತದೆ, ಬಹಳ ಸಲ ಬರೆದವನಿಗೂ ಅದು ಸುಳ್ಳೆಂದು ತಿಳಿದಿರುವುದಿಲ್ಲ. ‘ಎಕರೆಗೆ ಲಕ್ಷ ಲಕ್ಷ ಆದಾಯ’ ಎಂಬ ಯಶೋಗಾಥೆಯನ್ನು ನೀವು ಎಷ್ಟು ಸಲ ಓದಿಲ್ಲ? ಮಾರಿದ ಹಣದ ಲೆಕ್ಕವಿರುತ್ತದೆ, ಕೂಲಿಯ ಲೆಕ್ಕವಿರುವುದಿಲ್ಲ. ಒಂದು ವರ್ಷದ ಬೆಲೆ ಇರುತ್ತದೆ, ಮರುವರ್ಷದ್ದು ಇರುವುದಿಲ್ಲ. ಕೊಳವೆಬಾವಿ ಬತ್ತಿದ್ದು, ಸಸಿ ಮಾರಿದವನೇ ಹಣ್ಣು ಕೊಳ್ಳುತ್ತೇನೆಂದು ಹೇಳಿ ಕೈ ಎತ್ತಿದ್ದು ಯಾವುದೂ ಇರುವುದಿಲ್ಲ. ಅದನ್ನು ನಂಬಿ ಇದ್ದ ಬೆಳೆ ಕಿತ್ತವರುಂಟು. ನಮ್ಮ ಈ ಪುಟವೂ ಇದಕ್ಕೆ ಹೊರತೆಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಚೆಂದದ ಚಿತ್ರದೊಂದಿಗೆ ಅಚ್ಚಾದ ಅಂಥ ಬರಹ ತೀರ್ಪುಗಾರರ ಮೇಜಿಗೆ ಹೋದರೆ ಅವರಿಗೆ ತಿಳಿಯುವ ಬಗೆ ಯಾವುದು? ಅವರು ಆ ಹೊಲ ನೋಡಿದವರಲ್ಲ. ಬದುವಿನ ಈಚೆಗೆ ಇರುವವರು ನೀವು.

ಆದ್ದರಿಂದ ಪ್ರಶಸ್ತಿ ಕೊಡುವ ನಮ್ಮ ಸಂಸ್ಥೆಗಳೆಲ್ಲ ಓದುಗರ ಆಕ್ಷೇಪ, ತಿದ್ದುಪಡಿಗಳನ್ನು ಅರ್ಜಿಯ ಜೊತೆ ಕೇಳಿ ಪಡೆಯಲಿ. ಕೃಷಿ ಬರಹ ಆರಿಸುವಾಗ ತೀರ್ಪುಗಾರರ ನಡುವೆ ಒಬ್ಬ ಸಾಗುವಳಿದಾರ ಕೂಡಲಿ. ಹೆಸರಿಲ್ಲದೆ ಅಚ್ಚಾದ ಹಳ್ಳಿಯ ಸುದ್ದಿಗೆ ದೃಢೀಕರಣ ಕೊಡುವುದು ತಮ್ಮ ಕರ್ತವ್ಯವೆಂದು ಸಂಪಾದಕರು ತಿಳಿಯಲಿ. ವರ್ಷವಿಡೀ ಒಂದು ಕಾಲುವೆಯನ್ನೋ ಒಂದು ಮಾರುಕಟ್ಟೆಯನ್ನೋ ಹಿಂಬಾಲಿಸಿದ ಸಣ್ಣ ಸುದ್ದಿಗಳ ಕಟ್ಟನ್ನು ಒಂದೇ ಅರ್ಜಿಯೆಂದು ಎಣಿಸುವ ವಿಭಾಗವೊಂದು ಬರಲಿ.

ನಿಮ್ಮಿಂದಲೂ ಎರಡು ಕೆಲಸ ಆಗಬೇಕು. ಮೊದಲನೆಯದು, ಗ್ರಂಥಾಲಯದ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ನಿಮ್ಮ ಊರಿನ ಸುದ್ದಿ ಇರುವ ಪುಟವನ್ನು, ಬರೀ ಸುದ್ದಿಯನ್ನಲ್ಲ, ತಾರೀಖು ಕಾಣುವ ಇಡೀ ಪುಟವನ್ನು ತೆಗೆದಿಡಿ. ಪಂಚಾಯತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೊಸ ಹೆಸರು ಬಂದಿದೆ. ಊರಿನ ಅರಿವೂ ಅಲ್ಲಿ ಒಂದು ಕಡತದಲ್ಲಿ ಉಳಿಯಲಿ. ಶಾಲೆಯ ಹುಡುಗರಿಗೆ ಒಪ್ಪಿಸಿದರೆ ಅಚ್ಚುಕಟ್ಟಾಗಿ ಮಾಡುತ್ತಾರೆ.

ಎರಡನೆಯದು, ತಪ್ಪು ಕಂಡಾಗ ಕಾಗದ ಬರೆಯಿರಿ. ಬರೆಯುವುದು ನಮಗೆಲ್ಲಿ ಬರುತ್ತದೆ ಎನ್ನಬೇಡಿ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಶ್ರೀಪಡ್ರೆಯವರು ಮತ್ತು ಜೊತೆಗಾರರು ತೋಟದವರಿಂದಲೇ ಬರೆಸಿ ತೋಟದವರಿಗೇ ಓದಿಸಿದರು. ಕರಾವಳಿಯ ಅಡಿಕೆಯವರಿಂದ ಆದದ್ದು ಬಳ್ಳಾರಿಯ ಭತ್ತ, ಮೆಣಸಿನಕಾಯಿಯವರಿಂದ ಆಗಬಾರದೆಂದೇನೂ ಇಲ್ಲ.

ಕಾಗದದಲ್ಲಿ ಬೈಗುಳ ಬೇಡ. ಯಾವ ತಾರೀಖಿನ ಪತ್ರಿಕೆ, ಯಾವ ಪುಟ, ಯಾವ ಮಾತು ತಪ್ಪು, ನಿಮ್ಮ ಹೊಲದಲ್ಲಿ ಕಂಡದ್ದು ಏನು, ಖರ್ಚು ಎಷ್ಟಾಯಿತು, ಇಷ್ಟು ಸಾಕು. ಕೆಳಗೆ ಹೆಸರು, ಊರು, ಸಹಿ ಇರಲಿ. ಹೆಸರು ಅಚ್ಚು ಮಾಡುವುದು ಬೇಡವೆಂದರೆ ಹಾಗೆಂದು ಬರೆಯಿರಿ. ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟೇ ಮಾತು. ನಮ್ಮ ಪುಟದಲ್ಲಿ ಬರೆಯುವವರು ಯಾವ ಪ್ರಶಸ್ತಿಗೆ ಅರ್ಜಿ ಹಾಕಿದರೂ, ನಿಯಮ ಕೇಳಲಿ ಬಿಡಲಿ, ಆ ಬರಹದ ಮೇಲೆ ನಿಮ್ಮಿಂದ ಬಂದ ಆಕ್ಷೇಪದ ಕಾಗದಗಳನ್ನು ಅದರ ಜೊತೆ ಲಗತ್ತಿಸಿಯೇ ನಾವು ಸಹಿ ಹಾಕುವೆವು. ಈ ವರ್ಷದ ಬರಹಗಳ ಮೇಲಿನ ಕಾಗದಗಳು ಡಿಸೆಂಬರ್ 31ರ ಒಳಗೆ ನಮ್ಮ ಕೈ ಸೇರಲಿ.